ಸರಿಯುತ್ತರದಿಂದ ಸರಿನಿರ್ಧಾರದವರೆಗೆ: ವೈದ್ಯಕೀಯ ಸಲಹಾ ತಂತ್ರಾಂಶಗಳನ್ನು ಅಳೆದ ಬಗೆಯ ಚರಿತ್ರೆ

ತೀರ್ಮಾನ ಕೈಗೊಳ್ಳಬೇಕಾದವರಿಗೆ ಬೇಕಾದ ಮಾಹಿತಿಯನ್ನು ಹೊತ್ತಿಗೆ ಸರಿಯಾಗಿ ಒದಗಿಸಿ, ಎದುರಿಗಿರುವ ಆಯ್ಕೆಗಳನ್ನು ತೂಗಿನೋಡಲು ನೆರವಾಗುವ, ಆದರೆ ತೀರ್ಮಾನದ ಹೊಣೆಯನ್ನು ಮನುಷ್ಯರ ಕೈಯಲ್ಲಿಯೇ ಉಳಿಸುವ ಗಣಕ ಕಾರ್ಯಕ್ರಮಗಳನ್ನು ನಿರ್ಧಾರ ನೆರವಿನ ತಂತ್ರಾಂಶಗಳೆಂದು ಕರೆಯುವುದು ರೂಢಿ. ಆಡಳಿತಶಾಸ್ತ್ರದಲ್ಲಿ ಈ ಕಲ್ಪನೆಗೆ ಸ್ಪಷ್ಟ ರೂಪ ಬಂದದ್ದು 1971ರಲ್ಲಿ. ಅಮೆರಿಕದ ಆಂಥೊನಿ ಗೋರಿ ಮತ್ತು ಮೈಕೆಲ್ ಸ್ಕಾಟ್ ಮಾರ್ಟನ್ ಆ ವರ್ಷ ಪ್ರಕಟಿಸಿದ ಲೇಖನವೊಂದರಲ್ಲಿ, ನಿಯಮಗಳಿಗೆ ಪೂರ್ತಿಯಾಗಿ ಒಗ್ಗುವ ತೀರ್ಮಾನಗಳನ್ನು ಯಂತ್ರಕ್ಕೇ ಬಿಡಬಹುದೆಂದೂ, ನಿಯಮಕ್ಕೆ ಅರ್ಧ ಒಗ್ಗಿ ಅರ್ಧ ಒಗ್ಗದ ತೀರ್ಮಾನಗಳಲ್ಲಿ ಯಂತ್ರವೂ ಮನುಷ್ಯನೂ ಜೊತೆಗೂಡಿ ಕೆಲಸ ಮಾಡಬೇಕಾಗುತ್ತದೆಂದೂ ವಿಂಗಡಿಸಿ ತೋರಿಸಿದರು. ಈ ಎರಡನೆಯ ಬಗೆಗೆ ವೈದ್ಯವೃತ್ತಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಗೋರಿ ಸ್ವತಃ ರೋಗನಿದಾನದ ಗಣಕ ಕಾರ್ಯಕ್ರಮಗಳ ಮೇಲೂ ಕೆಲಸ ಮಾಡಿದ್ದವರು.

ವೈದ್ಯಕೀಯ ಸಲಹಾ ತಂತ್ರಾಂಶಗಳ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರದ ಜಾಣತನ ಬೆಳೆದು ಬಂದ ಇತಿಹಾಸವಾಗಿ ಹೇಳಲಾಗುತ್ತದೆ. ಆ ಜಾಣತನವನ್ನು ಯಾವ ಅಳತೆಗೋಲಿನಿಂದ ಅಳೆಯಲಾಯಿತು ಎಂಬುದಕ್ಕೂ ಒಂದು ಇತಿಹಾಸವಿದೆ, ಮತ್ತು ಇಂದಿನ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಮೊದಲ ತಲೆಮಾರಿನ ಪರೀಕ್ಷಕರು ಯಂತ್ರ ಕೊಟ್ಟ ಉತ್ತರ ಸರಿಯೇ ಎಂದು ಕೇಳಿದರು. ಎರಡನೆಯ ತಲೆಮಾರಿನವರು ವೈದ್ಯರು ಅದನ್ನು ಬಳಸಬಲ್ಲರೇ ಎಂದು ಕೇಳಿದರು. ಯಂತ್ರ ಪಕ್ಕದಲ್ಲಿದ್ದಾಗ ವೈದ್ಯರ ತೀರ್ಮಾನ ನಿಜಕ್ಕೂ ಉತ್ತಮಗೊಳ್ಳುತ್ತದೆಯೇ ಎಂಬ ಪ್ರಶ್ನೆ ಅಳತೆಯ ಕೇಂದ್ರಕ್ಕೆ ಬರಲು ದಶಕಗಳೇ ಹಿಡಿದವು. ಸರಿಯುತ್ತರ ಕೊಡುತ್ತಿದ್ದ ಯಂತ್ರಗಳು ಒಂದರ ಹಿಂದೊಂದು ಮೂಲೆಗೆ ಸೇರಿದ್ದರಿಂದಲೇ ಈ ಬದಲಾವಣೆ ಅನಿವಾರ್ಯವಾಯಿತು.

ಬೀಜ ಬಿದ್ದದ್ದು 1959ರಲ್ಲಿ. ರಾಬರ್ಟ್ ಲೆಡ್ಲಿ ಮತ್ತು ಲೀ ಲಸ್ಟೆಡ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರೋಗನಿದಾನದ ಹಿಂದಿರುವ ತರ್ಕವನ್ನು ಗಣಿತದ ಭಾಷೆಯಲ್ಲಿ ಬರೆಯಬಹುದೆಂದು ವಾದಿಸಿದರು. ಅವರು ನೆಚ್ಚಿಕೊಂಡ ಸಾಧನಗಳಲ್ಲಿ ಮುಖ್ಯವಾದದ್ದು ಬೇಯ್ಸ್ ಪ್ರಮೇಯ, ಅಂದರೆ ಒಂದು ರೋಗ ಎಷ್ಟು ಸಾಮಾನ್ಯ ಮತ್ತು ಆ ರೋಗದಲ್ಲಿ ಒಂದು ಲಕ್ಷಣ ಎಷ್ಟು ಬಾರಿ ಕಾಣಿಸಿಕೊಳ್ಳುತ್ತದೆ ಎಂಬುದು ತಿಳಿದಿದ್ದರೆ, ಆ ಲಕ್ಷಣ ಕಂಡ ರೋಗಿಗೆ ಅದೇ ರೋಗವಿರುವ ಸಂಭವವನ್ನು ಲೆಕ್ಕಹಾಕಿ ಕೊಡುವ ಗಣಿತಸೂತ್ರ.

ಈ ಸೂತ್ರವನ್ನು ಆಸ್ಪತ್ರೆಯ ವಾರ್ಡಿಗೆ ತಂದವರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಶಸ್ತ್ರಚಿಕಿತ್ಸಕ ಡಿ ಡೊಂಬಾಲ್ ಮತ್ತು ಅವರ ಸಂಗಡಿಗರು ಪ್ರಮುಖರು. ಹಠಾತ್ತನೆ ತೀವ್ರ ಹೊಟ್ಟೆನೋವು ಬಂದು ಆಸ್ಪತ್ರೆ ಸೇರುವ ರೋಗಿಗೆ ಅಪೆಂಡಿಕ್ಸ್ ಉರಿಯೂತವಾಗಿದೆಯೇ, ಹೊಟ್ಟೆಯ ಹುಣ್ಣು ತೂತುಬಿದ್ದಿದೆಯೇ, ಪಿತ್ತಕೋಶ ಬಾತಿದೆಯೇ, ಕರುಳು ಕಟ್ಟಿಕೊಂಡಿದೆಯೇ ಅಥವಾ ತಾನಾಗಿಯೇ ಇಳಿಯುವ ನೋವೇ ಎಂಬುದನ್ನು ಬೇಗ ತೀರ್ಮಾನಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಕರ್ತವ್ಯದಲ್ಲಿರುವವರು ಹೆಚ್ಚಾಗಿ ಅನುಭವ ಕಡಿಮೆಯಿರುವ ಕಿರಿಯ ವೈದ್ಯರು. ಲೀಡ್ಸ್ ತಂಡದವರು ರೋಗಿಯಿಂದ ಕೇಳಬೇಕಾದ ಮತ್ತು ಪರೀಕ್ಷಿಸಿ ತಿಳಿಯಬೇಕಾದ ಅಂಶಗಳನ್ನು ಒಂದು ನಮೂನೆಯಲ್ಲಿ ಅಚ್ಚು ಹಾಕಿಸಿ, ತುಂಬಿದ ನಮೂನೆಯ ವಿವರಗಳನ್ನು ವಿಶ್ವವಿದ್ಯಾಲಯದ ಗಣಕಕ್ಕೆ ಉಣಿಸಿ, ಏಳು ರೋಗಗಳಲ್ಲಿ ಪ್ರತಿಯೊಂದರ ಸಂಭವವನ್ನೂ ಪಡೆಯುವ ವ್ಯವಸ್ಥೆ ಮಾಡಿದರು. 304 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1972ರ ಏಪ್ರಿಲ್‌ನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟವಾಯಿತು: ಗಣಕದ ನಿದಾನ ಶೇ. 91.8ರಷ್ಟು ಸರಿಯಾಗಿದ್ದರೆ, ತಂಡದ ಅತಿ ಹಿರಿಯ ವೈದ್ಯರದು ಶೇ. 79.6ರಷ್ಟು ಸರಿಯಾಗಿತ್ತು.

ಲೋಕ ನೆನಪಿಟ್ಟುಕೊಂಡದ್ದು ಈ ಎರಡು ಅಂಕಿಗಳನ್ನು. ಅದೇ ತಂಡ ಎರಡು ವರ್ಷಗಳ ನಂತರ ಪ್ರಕಟಿಸಿದ ಇನ್ನೊಂದು ವರದಿ ಅಷ್ಟು ಪ್ರಸಿದ್ಧವಾಗಲಿಲ್ಲ, ಆದರೆ ಮೌಲ್ಯಮಾಪನದ ದೃಷ್ಟಿಯಿಂದ ಅದೇ ಹೆಚ್ಚು ಬೆಲೆಯುಳ್ಳದ್ದು. ಪ್ರಯೋಗ ನಡೆಯುತ್ತಿದ್ದಷ್ಟು ಕಾಲ ವೈದ್ಯರ ಸ್ವಂತ ನಿದಾನವೂ ಸುಧಾರಿಸುತ್ತ ಹೋಗಿ, ಪ್ರಯೋಗ ನಿಂತ ಮೇಲೆ ಅದು ಮತ್ತೆ ಹಳೆಯ ಮಟ್ಟಕ್ಕೆ ಇಳಿದಿತ್ತು. ಮುಂದೆ ಎಂಟು ಕೇಂದ್ರಗಳಲ್ಲಿ 16,737 ರೋಗಿಗಳನ್ನು ಒಳಗೊಂಡು ನಡೆದು 1986ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ವೈದ್ಯರ ಮೊದಲ ನಿದಾನದ ನಿಖರತೆ ಶೇ. 45.6ರಿಂದ ಶೇ. 65.3ಕ್ಕೆ ಏರಿತು, ಹೊಟ್ಟೆ ತೆರೆದು ನೋಡಿದರೂ ರೋಗ ಸಿಗದ ಶಸ್ತ್ರಚಿಕಿತ್ಸೆಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು, ಅಪೆಂಡಿಕ್ಸ್ ಒಡೆದುಹೋದ ಪ್ರಕರಣಗಳು ಶೇ. 23.7ರಿಂದ ಶೇ. 11.5ಕ್ಕೆ ಕುಗ್ಗಿದವು. ಈ ಲಾಭದಲ್ಲಿ ಗಣಕದ ಲೆಕ್ಕಾಚಾರದ ಪಾಲೆಷ್ಟು, ಪ್ರಶ್ನೆಗಳನ್ನು ಒಂದನ್ನೂ ಬಿಡದೆ ಕೇಳುವಂತೆ ಮಾಡಿದ ಕಾಗದದ ನಮೂನೆಯ ಪಾಲೆಷ್ಟು, ತಿಂಗಳು ತಿಂಗಳೂ ವೈದ್ಯರಿಗೆ ಅವರವರ ತಪ್ಪು-ಒಪ್ಪುಗಳನ್ನು ತಿಳಿಸುತ್ತಿದ್ದ ಪದ್ಧತಿಯ ಪಾಲೆಷ್ಟು ಎಂಬ ಚರ್ಚೆ ಆಗಲೇ ಹುಟ್ಟಿತು. ಯಂತ್ರವನ್ನು ಅದರ ಸುತ್ತಲಿನ ಕೆಲಸದಿಂದ ಬೇರ್ಪಡಿಸಿ ಅಳೆಯುವುದು ಎಷ್ಟು ಕಷ್ಟವೆಂಬುದು ಲೀಡ್ಸ್‌ನ ದಾಖಲೆಗಳಲ್ಲಿಯೇ ಅಡಗಿತ್ತು. ಆದರೂ ಮುಂದಿನ ಪರೀಕ್ಷಕರು ಹಿಡಿದದ್ದು ಮನುಷ್ಯ ಮತ್ತು ಯಂತ್ರಗಳ ನಡುವಿನ ಪಂದ್ಯದ ಹಾದಿಯನ್ನು.

ಆ ಹಾದಿಯ ಅತ್ಯಂತ ಶುದ್ಧ ಮಾದರಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಸಿನ್. 1970ರ ದಶಕದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಈ ಕಾರ್ಯಕ್ರಮದಲ್ಲಿ ತಜ್ಞರ ಜ್ಞಾನವನ್ನು 'ಹೀಗಿದ್ದರೆ ಹೀಗೆ' ಎಂಬ ಬಗೆಯ ನೂರಾರು ನಿಯಮಗಳಾಗಿ ಬರೆದಿಡಲಾಗಿತ್ತು. ರಕ್ತದ ಸೋಂಕು ಮತ್ತು ಮಿದುಳುಪೊರೆಯ ಉರಿಯೂತಕ್ಕೆ ಯಾವ ಆಂಟಿಬಯಾಟಿಕ್ ಕೊಡಬೇಕೆಂದು ಅದು ಸಲಹೆ ನೀಡುತ್ತಿತ್ತು. 1979ರಲ್ಲಿ ಪ್ರಕಟವಾದ ಅದರ ಪರೀಕ್ಷೆ ಬಹಳ ಎಚ್ಚರಿಕೆಯಿಂದ ಕಟ್ಟಿದ್ದು: ಮಿದುಳುಪೊರೆ ಉರಿಯೂತದ ಹತ್ತು ಪ್ರಕರಣಗಳಿಗೆ ಮೈಸಿನ್, ಅಧ್ಯಾಪಕರು, ಕಿರಿಯ ವೈದ್ಯರು ಮತ್ತು ವಿದ್ಯಾರ್ಥಿ ಸೂಚಿಸಿದ ಚಿಕಿತ್ಸೆಗಳನ್ನು ಬೆರೆಸಿ, ಯಾವುದು ಯಾರದೆಂದು ತಿಳಿಸದೆ ಹೊರಗಿನ ಎಂಟು ತಜ್ಞರ ಮುಂದಿಡಲಾಯಿತು. ತಜ್ಞರು ಮೈಸಿನ್ನಿನ ಸಲಹೆಗಳಲ್ಲಿ ಶೇ. 65ನ್ನು ಒಪ್ಪತಕ್ಕವೆಂದರು, ಅಧ್ಯಾಪಕರಿಗೆ ದೊರೆತ ಒಪ್ಪಿಗೆ ಶೇ. 42.5ರಿಂದ ಶೇ. 62.5ರವರೆಗೆ ಇತ್ತು. ಹೀಗೆ ಪಂದ್ಯ ಗೆದ್ದ ಮೈಸಿನ್ ವಾರ್ಡಿನ ದಿನನಿತ್ಯದ ಬಳಕೆಗೆ ಬರಲೇ ಇಲ್ಲ. ಅದು ದೊಡ್ಡ ಗಣಕದ ಮೇಲೆ ಓಡುತ್ತಿತ್ತು. ರೋಗಿಯ ಕಡತಕ್ಕೂ ಅದಕ್ಕೂ ಕೊಂಡಿಯಿರಲಿಲ್ಲವಾದ್ದರಿಂದ ವೈದ್ಯರು ಅದು ಕೇಳುವ ಒಂದೊಂದು ಪ್ರಶ್ನೆಗೂ ಕೀಲಿಮಣೆಯಲ್ಲಿ ಉತ್ತರ ಬೆರಳಚ್ಚಿಸುತ್ತ ಕೂರಬೇಕಿತ್ತು. ಪರೀಕ್ಷೆಯ ರಚನೆಯಲ್ಲಿ ಈ ಯಾವ ತೊಡಕೂ ಕಾಣುವಂತಿರಲಿಲ್ಲ, ಏಕೆಂದರೆ ಅಲ್ಲಿ ಅಳೆದದ್ದು ಸಲಹೆಯನ್ನು. ಸಲಹೆ ಪಡೆಯುವ ಕೆಲಸ ಅಳತೆಯ ಹೊರಗೇ ಉಳಿದಿತ್ತು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಇಂಟರ್ನಿಸ್ಟ್-1 ಕಾರ್ಯಕ್ರಮದ ಕಥೆಯೂ ಹೆಚ್ಚು ಭಿನ್ನವಲ್ಲ. ಜ್ಯಾಕ್ ಮೈಯರ್ಸ್ ಎಂಬ ಹೆಸರಾಂತ ವೈದ್ಯರ ಜ್ಞಾನವನ್ನು ಆಧರಿಸಿ ಆಂತರಿಕ ವೈದ್ಯಶಾಸ್ತ್ರದ ನೂರಾರು ರೋಗಗಳನ್ನು ಒಳಗೊಂಡಿದ್ದ ಈ ಕಾರ್ಯಕ್ರಮವನ್ನು ಕಠಿಣವಾದ 19 ಪ್ರಕರಣಗಳ ಮೇಲೆ ಪರೀಕ್ಷಿಸಿ 1982ರಲ್ಲಿ ವರದಿ ಮಾಡಲಾಯಿತು. ಖಚಿತಪಟ್ಟ 43 ನಿದಾನಗಳಲ್ಲಿ ಯಂತ್ರ 18ನ್ನು, ಚಿಕಿತ್ಸೆ ನೀಡಿದ ವೈದ್ಯರು 15ನ್ನು, ಪ್ರಕರಣವನ್ನು ಚರ್ಚಿಸಿದ ತಜ್ಞರು 8ನ್ನು ತಪ್ಪಿದ್ದರು. ಅಂಕಿಗಳಿಗಿಂತ ದೊಡ್ಡ ಪಾಠವನ್ನು ಅದರ ನಿರ್ಮಾಪಕರಲ್ಲಿ ಒಬ್ಬರಾದ ರ್‍ಯಾಂಡಾಲ್ಫ್ ಮಿಲ್ಲರ್ 1990ರಲ್ಲಿ ಸಹಲೇಖಕರೊಡನೆ ಬರೆದ ಲೇಖನದಲ್ಲಿ ಹೇಳಿದರು. ಪ್ರಾಚೀನ ಗ್ರೀಕರು ದೇಗುಲಕ್ಕೆ ಹೋಗಿ ದೈವವಾಣಿ ಕೇಳಿ ಬರುತ್ತಿದ್ದ ರೀತಿಯಲ್ಲಿ, ವೈದ್ಯರು ಮಾಹಿತಿಯನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ ಸುಮ್ಮನೆ ಕುಳಿತು ಅದು ಕೊಟ್ಟ ತೀರ್ಪನ್ನು ಸ್ವೀಕರಿಸಬೇಕೆಂಬ ಮಾದರಿಯ ಕಾಲ ಮುಗಿಯಿತೆಂದೂ, ರೋಗಿಯನ್ನು ಕಣ್ಣಾರೆ ಕಂಡ ವೈದ್ಯರಿಗಿರುವ ತಿಳಿವನ್ನು ಬಳಸಿಕೊಳ್ಳುವ ತಂತ್ರಾಂಶವಷ್ಟೇ ಬಾಳುತ್ತದೆಂದೂ ಅವರು ವಾದಿಸಿದರು.

ಇದಕ್ಕೂ ಮೊದಲೇ ಇಂಡಿಯಾನಾಪೊಲಿಸ್‌ನ ಕ್ಲೆಮ್ ಮ್ಯಾಕ್‌ಡೊನಾಲ್ಡ್ ಬೇರೆಯೇ ದಾರಿ ತುಳಿದಿದ್ದರು. ವೈದ್ಯರು ಎಡವುವುದು ಜ್ಞಾನದ ಕೊರತೆಗಿಂತ ಹೆಚ್ಚಾಗಿ ಮಾಹಿತಿಯ ಹೊರೆಯಿಂದ ಎಂಬ ನಂಬಿಕೆಯಲ್ಲಿ, ಅವರ ಗಣಕ ರೋಗನಿದಾನಕ್ಕೆ ಕೈಹಾಕದೆ, ಇಂಥ ಔಷಧಿ ಸೇವಿಸುತ್ತಿರುವ ಈ ರೋಗಿಗೆ ಇಂಥ ರಕ್ತಪರೀಕ್ಷೆ ಆಗಬೇಕಿದೆ ಎಂಬಂಥ ಚಿಕ್ಕ ನೆನಪೋಲೆಗಳನ್ನು ಮುದ್ರಿಸಿ ಭೇಟಿಗೆ ಮುಂಚೆ ವೈದ್ಯರ ಕೈಗೆ ತಲುಪಿಸುತ್ತಿತ್ತು. 1976ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ನೆನಪೋಲೆ ಇದ್ದಾಗ ವೈದ್ಯರು ಶೇ. 51 ಸಂದರ್ಭಗಳಲ್ಲಿ ತಕ್ಕ ಕ್ರಮ ಕೈಗೊಂಡರೆ, ಇಲ್ಲದಾಗ ಶೇ. 22ರಲ್ಲಿ ಮಾತ್ರ ಕೈಗೊಂಡಿದ್ದರು. ಇಲ್ಲಿ ಅಳೆದದ್ದು ಯಂತ್ರದ ಉತ್ತರವನ್ನಲ್ಲ, ವೈದ್ಯರ ನಡೆಯನ್ನು. ಮೈಸಿನ್ ತಂಡವೂ ಇದೇ ದಿಕ್ಕಿಗೆ ಹೊರಳಿತು: ವೈದ್ಯರ ಅಭಿಪ್ರಾಯ ಸಂಗ್ರಹಿಸಿದಾಗ, ಸಲಹೆಗೆ ಕಾರಣ ಹೇಳದ ಯಂತ್ರವನ್ನು ಅವರು ನಂಬಲಾರರೆಂಬುದು ಸ್ಪಷ್ಟವಾಗಿತ್ತು, 1981ರಲ್ಲಿ ಸ್ಟ್ಯಾನ್‌ಫರ್ಡಿನ ಕ್ಯಾನ್ಸರ್ ಚಿಕಿತ್ಸಾಲಯದಲ್ಲಿ ಬಳಕೆಗೆ ಬಂದ ಆಂಕೊಸಿನ್ ಎಂಬ ಮುಂದಿನ ಕಾರ್ಯಕ್ರಮದ ಪರದೆಯನ್ನು, ಅಲ್ಲಿನ ವೈದ್ಯರು ಅದುವರೆಗೆ ಕಾಗದದಲ್ಲಿ ತುಂಬುತ್ತಿದ್ದ ಚಿಕಿತ್ಸಾ ಪಟ್ಟಿಯನ್ನೇ ಹೋಲುವಂತೆ ರಚಿಸಲಾಯಿತು.

ಅಷ್ಟರಲ್ಲಿ ಆಸ್ಪತ್ರೆಯ ಹೊರಗೆ, ಕಚೇರಿ ಗಣಕಗಳ ಲೋಕದಲ್ಲಿ, ಬಳಕೆಯೋಗ್ಯತೆ ಎಂಬ ಗುಣವನ್ನು ಅಳೆಯುವ ಉಪಕರಣಗಳು ಸಿದ್ಧವಾಗುತ್ತಿದ್ದವು. ಬಳಕೆದಾರರು ಕೆಲಸ ಮಾಡುತ್ತಲೇ ಮನಸ್ಸಿನಲ್ಲಿ ಮೂಡುವುದನ್ನೆಲ್ಲ ಬಾಯಿಬಿಟ್ಟು ಹೇಳುವಂತೆ ಮಾಡಿ ದಾಖಲಿಸುವ ವಿಧಾನವನ್ನು ಮನೋವಿಜ್ಞಾನದಿಂದ ಎರವಲು ಪಡೆದು, ಐಬಿಎಂ ಕಂಪನಿಯ ಸಂಶೋಧಕ ಕ್ಲೇಟನ್ ಲೂಯಿಸ್ 1982ರಲ್ಲಿ ಗಣಕ ಪರೀಕ್ಷೆಗೆ ಒಗ್ಗಿಸಿದರು. ಬಳಕೆದಾರರನ್ನು ಮೊದಲಿನಿಂದಲೇ ಅರಿಯುವುದು, ಅವರ ಕೆಲಸವನ್ನು ಅಳೆದು ನೋಡುವುದು, ಅಳತೆಗೆ ತಕ್ಕಂತೆ ಮತ್ತೆ ಮತ್ತೆ ತಿದ್ದುವುದು ಎಂಬ ಮೂರು ಸೂತ್ರಗಳನ್ನು ಜಾನ್ ಗೌಲ್ಡ್ ಮತ್ತು ಲೂಯಿಸ್ 1985ರಲ್ಲಿ ಮುಂದಿಟ್ಟರು. ಮರುವರ್ಷ ಇಂಗ್ಲೆಂಡಿನಲ್ಲಿ ಜಾನ್ ಬ್ರೂಕ್ ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಪ್ರತಿ ವಾಕ್ಯವನ್ನು ಎಷ್ಟರ ಮಟ್ಟಿಗೆ ಒಪ್ಪುವಿರೆಂದು ಐದು ಹಂತಗಳಲ್ಲಿ ಗುರುತಿಸಿದರೆ ಸೊನ್ನೆಯಿಂದ ನೂರರವರೆಗಿನ ಒಂದು ಅಂಕ ದೊರೆಯುವ ಈ ಅಗ್ಗದ ಸಾಧನ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. 1990ರಲ್ಲಿ ಯಾಕೋಬ್ ನೀಲ್ಸನ್ ಮತ್ತು ರಾಲ್ಫ್ ಮೋಲಿಖ್, ಕೆಲವೇ ಪರಿಣತರು ಗೊತ್ತಾದ ಸೂತ್ರಗಳ ಪಟ್ಟಿ ಹಿಡಿದು ಪರದೆಗಳನ್ನು ತಪಾಸಣೆ ಮಾಡುವ ಕ್ರಮವನ್ನು ವಿವರಿಸಿ, ಒಬ್ಬ ಪರಿಣತನ ಕಣ್ಣಿಗೆ ಅರ್ಧದಷ್ಟು ದೋಷಗಳೂ ಬೀಳುವುದು ಅಪರೂಪವೆಂದು, ಹಾಗಾಗಿ ಹಲವರ ತಪಾಸಣೆಯನ್ನು ಒಗ್ಗೂಡಿಸಬೇಕೆಂದು ತೋರಿಸಿದರು. 1998ರ ಅಂತರರಾಷ್ಟ್ರೀಯ ಮಾನಕವು ಬಳಕೆಯೋಗ್ಯತೆಯನ್ನು ಮೂರು ಅಂಗಗಳಾಗಿ ವ್ಯಾಖ್ಯಾನಿಸಿತು: ಗೊತ್ತುಪಡಿಸಿದ ಬಳಕೆದಾರರು, ಗೊತ್ತುಪಡಿಸಿದ ಸನ್ನಿವೇಶದಲ್ಲಿ, ಗೊತ್ತುಪಡಿಸಿದ ಗುರಿಯನ್ನು ಎಷ್ಟು ಪೂರ್ಣವಾಗಿ, ಎಷ್ಟು ಕಡಿಮೆ ಶ್ರಮದಿಂದ, ಎಷ್ಟು ತೃಪ್ತಿಯಿಂದ ಸಾಧಿಸುತ್ತಾರೆ ಎಂಬುದು.

ಪತ್ರ ಬೆರಳಚ್ಚಿಸುವ ತಂತ್ರಾಂಶಕ್ಕೆ ಈ ಅಳತೆಗಳು ಸಾಕು, ಏಕೆಂದರೆ ಅಲ್ಲಿ ಕೆಲಸ ಮುಗಿದದ್ದು ಕಣ್ಣೆದುರಿಗೇ ಕಾಣುತ್ತದೆ. ಸಲಹೆ ಕೊಡುವ ತಂತ್ರಾಂಶದಲ್ಲಿ ಮಾತ್ರ ಒಂದು ವಿಚಿತ್ರ ಸಾಧ್ಯತೆಯಿದೆ: ಬಳಕೆದಾರರು ಸಲೀಸಾಗಿ, ಬೇಗನೆ, ತೃಪ್ತಿಯಿಂದ ತಪ್ಪು ತೀರ್ಮಾನಕ್ಕೆ ಬರಬಹುದು, ಮತ್ತು ಪ್ರಶ್ನಾವಳಿಯಲ್ಲಿ ಅದಕ್ಕೆ ಒಳ್ಳೆಯ ಅಂಕವನ್ನೂ ಕೊಡಬಹುದು. ಹೀಗಾಗಿ ಬಳಕೆಯ ಸುಗಮತೆಯನ್ನೂ ತೀರ್ಮಾನದ ಗುಣವನ್ನೂ ಒಟ್ಟಿಗೆ ಹಿಡಿಯುವ ವಿಧಾನ ಬೇಕಾಯಿತು. ಕೆನಡಾದಲ್ಲಿ ಆಂಡ್ರೆ ಕುಶ್ನಿರುಕ್ ಮತ್ತು ವಿಮ್ಲಾ ಪಟೇಲ್ 1990ರ ದಶಕದಲ್ಲಿ ನಡೆಸಿದ ಕೆಲಸ ಈ ದಿಕ್ಕಿನದು. ವೈದ್ಯರು ಪ್ರಕರಣವೊಂದನ್ನು ನಿರ್ವಹಿಸುತ್ತ ಆಡುವ ಮಾತನ್ನೂ ಪರದೆಯ ಮೇಲೆ ನಡೆಯುವುದನ್ನೂ ಒಟ್ಟಿಗೆ ವಿಡಿಯೊದಲ್ಲಿ ದಾಖಲಿಸಿ, ಯಾವ ಘಳಿಗೆಯಲ್ಲಿ ಪರದೆಯ ವಿನ್ಯಾಸ ಅವರ ಆಲೋಚನೆಯ ದಾರಿಯನ್ನು ತಿರುಗಿಸಿತೆಂದು ಅವರು ಗುರುತಿಸತೊಡಗಿದರು. ಮುಂದೆ ಕೈಯಲ್ಲಿ ಹಿಡಿಯುವ ಗಣಕದಿಂದ ಔಷಧಿ ಬರೆಯುವ ವೈದ್ಯರನ್ನು ಇದೇ ಬಗೆಯಲ್ಲಿ ಅಭ್ಯಸಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರ್ದಿಷ್ಟ ವಿನ್ಯಾಸದೋಷಗಳಿಗೂ ಚೀಟಿಯಲ್ಲಿ ಆಗುವ ನಿರ್ದಿಷ್ಟ ತಪ್ಪುಗಳಿಗೂ ನಂಟಿದೆಯೆಂದು ಕುಶ್ನಿರುಕ್ ಮತ್ತು ಸಂಗಡಿಗರು ತೋರಿಸಿದರು.

2005 ಈ ಇತಿಹಾಸದ ತಿರುವಿನ ವರ್ಷ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರಾಸ್ ಕೊಪ್ಪೆಲ್ ಮತ್ತು ಸಂಗಡಿಗರು ಆಸ್ಪತ್ರೆಯೊಂದರ ಗಣಕೀಕೃತ ಔಷಧಿ ಆದೇಶ ವ್ಯವಸ್ಥೆಯನ್ನು ಅಭ್ಯಸಿಸಿ, ಅದು ತಪ್ಪುಗಳಿಗೆ ಎಡೆಮಾಡಿಕೊಡುವ 22 ಬಗೆಗಳನ್ನು ಪಟ್ಟಿಮಾಡಿದರು. ಒಬ್ಬ ರೋಗಿಯ ಎಲ್ಲ ಔಷಧಿಗಳನ್ನು ನೋಡಲು ಕೆಲವೊಮ್ಮೆ 20 ಪರದೆಗಳವರೆಗೆ ದಾಟಬೇಕಾಗುತ್ತಿತ್ತು. ಪರದೆಯ ಮೇಲೆ ಕಾಣುವ ಪ್ರಮಾಣಗಳು ಔಷಧಾಲಯದವರು ಯಾವ ಗಾತ್ರದ ಮಾತ್ರೆಗಳನ್ನು ಕೊಂಡು ದಾಸ್ತಾನು ಮಾಡಿದ್ದಾರೆಂಬುದನ್ನು ಸೂಚಿಸುತ್ತಿದ್ದವು. ಕಿರಿಯ ವೈದ್ಯರಾದರೋ ಅವನ್ನೇ ವಾಡಿಕೆಯ ಚಿಕಿತ್ಸಾ ಪ್ರಮಾಣವೆಂದು ತಿಳಿದು ಬರೆಯುತ್ತಿದ್ದರು. ಅಲ್ಲಿ ತಂತ್ರಾಂಶ ಸುಳ್ಳು ಹೇಳಿರಲಿಲ್ಲ, ವೈದ್ಯರೂ ಅಜಾಗರೂಕರಾಗಿರಲಿಲ್ಲ. ಒಂದು ವಿಭಾಗದ ದಾಸ್ತಾನು ಲೆಕ್ಕ ಇನ್ನೊಂದು ವಿಭಾಗದಲ್ಲಿ ಸಲಹೆಯ ರೂಪ ತಾಳಿತ್ತು. ಅದೇ ವರ್ಷ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯೊಂದರಿಂದ ಬಂದ ವರದಿಯ ಪ್ರಕಾರ, ಇಂಥ ವ್ಯವಸ್ಥೆ ಜಾರಿಯಾದ ಮೇಲೆ ವಿಶೇಷ ಚಿಕಿತ್ಸೆಗೆಂದು ಬೇರೆಡೆಯಿಂದ ತಂದ ಮಕ್ಕಳಲ್ಲಿ ಮರಣದ ಪ್ರಮಾಣ ಶೇ. 2.80ರಿಂದ ಶೇ. 6.57ಕ್ಕೆ ಏರಿತ್ತು; ಮಗು ಬಂದು ನೋಂದಣಿಯಾಗುವವರೆಗೆ ಔಷಧಿಗೆ ಆದೇಶ ಕೊಡಲಾಗದಂಥ ಅಡೆತಡೆಗಳನ್ನು ವರದಿ ಎತ್ತಿ ಹೇಳಿತು. ಅದೇ ತಂತ್ರಾಂಶವನ್ನು ಅಳವಡಿಸಿಕೊಂಡ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯೊಂದು ಮರುವರ್ಷ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಬಳಕೆಯೋಗ್ಯತೆ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಬಹುದಾದ ಗುಣವಲ್ಲ, ಅದು ಆಯಾ ಸ್ಥಳದ ಕೆಲಸದ ಕಟ್ಟಿನೊಡನೆ ಕೂಡಿದಾಗಲೇ ಹುಟ್ಟುವಂಥದ್ದು ಎಂಬುದಕ್ಕೆ ಈ ಎರಡು ವರದಿಗಳನ್ನು ಜೊತೆಯಲ್ಲಿಟ್ಟು ಓದಿದರೆ ಬೇರೆ ವಾದ ಬೇಕಿಲ್ಲ.

ಎಚ್ಚರಿಕೆಯ ಸಂದೇಶಗಳ ವಿಷಯದಲ್ಲೂ ಇದೇ ಬಗೆಯ ಅರಿವು ಮೂಡಿತು. ಈ ಔಷಧಿಯೊಡನೆ ಆ ಔಷಧಿ ಸಲ್ಲದು ಎಂದು ಅಡ್ಡ ಬರುವ ಸಂದೇಶಗಳನ್ನು ವೈದ್ಯರು ಶೇ. 49ರಿಂದ ಶೇ. 96 ಸಂದರ್ಭಗಳಲ್ಲಿ ಬದಿಗೊತ್ತಿ ಮುಂದೆ ಸಾಗುತ್ತಾರೆಂದು 2006ರ ಒಂದು ಸಮೀಕ್ಷಾ ಲೇಖನ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ ತಿಳಿಸಿತು. ಪ್ರತಿಯೊಂದು ಸಂದೇಶವೂ ಬಿಡಿಯಾಗಿ ಸರಿಯಾದದ್ದೇ ಇರಬಹುದು; ಲೆಕ್ಕವಿಲ್ಲದಷ್ಟು ಬಂದಾಗ ಮುಖ್ಯವಾದದ್ದೂ ಅಮುಖ್ಯವಾದದ್ದೂ ಒಂದೇ ಬೆರಳಿನ ಒತ್ತಿಗೆ ಮಾಯವಾಗುತ್ತವೆ. ಯಾವ ತಂತ್ರಾಂಶಗಳು ಫಲ ಕೊಡುತ್ತವೆ ಎಂಬುದನ್ನು 70 ಅಧ್ಯಯನಗಳ ಆಧಾರದಿಂದ ಪರಿಶೀಲಿಸಿ 2005ರಲ್ಲಿ ಕೆನ್ಸಾಕು ಕವಾಮೊಟೊ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನಾಲ್ಕು ಲಕ್ಷಣಗಳು ಎದ್ದು ಕಂಡವು: ಸಲಹೆ ಕೇಳದೆಯೇ ದಿನನಿತ್ಯದ ಕೆಲಸದ ಓಟದಲ್ಲಿ ತಾನಾಗಿ ಬರಬೇಕು, ತೀರ್ಮಾನದ ಹೊತ್ತಿಗೂ ಜಾಗಕ್ಕೂ ತಲುಪಬೇಕು, ಸ್ಥಿತಿಯನ್ನು ಬಣ್ಣಿಸಿ ಸುಮ್ಮನಾಗದೆ ಮಾಡಬೇಕಾದ ಕ್ರಮವನ್ನೂ ಸೂಚಿಸಬೇಕು, ಮತ್ತು ಗಣಕದಿಂದಲೇ ಸಿದ್ಧವಾಗಬೇಕು. ನಾಲ್ಕೂ ಇದ್ದ 32 ವ್ಯವಸ್ಥೆಗಳಲ್ಲಿ 30 ಚಿಕಿತ್ಸಾಕ್ರಮವನ್ನು ಗಮನಾರ್ಹವಾಗಿ ಸುಧಾರಿಸಿದ್ದವು.

ವೈದ್ಯರು ಯಂತ್ರವನ್ನು ಒಪ್ಪುವುದಿಲ್ಲವೆಂಬ ಹಳೆಯ ಚಿಂತೆಗೆ ಎದುರಾದ ಇನ್ನೊಂದು ಚಿಂತೆಯೂ ಇದೇ ಕಾಲದಲ್ಲಿ ಬಲಗೊಂಡಿತು. ಯಂತ್ರವನ್ನು ಬಿಟ್ಟುಬಿಡುವುದು ಎಷ್ಟು ಅಪಾಯವೋ ಅತಿಯಾಗಿ ನೆಚ್ಚುವುದೂ ಅಷ್ಟೇ ಅಪಾಯವೆಂದು ರಾಜಾ ಪರಸುರಾಮನ್ ಮತ್ತು ವಿಕ್ಟರ್ ರೈಲಿ 1997ರಲ್ಲಿ, ವಿಮಾನಯಾನವೇ ಮೊದಲಾದ ಕ್ಷೇತ್ರಗಳ ಅನುಭವದಿಂದ ವಾದಿಸಿದ್ದರು. ಸ್ತನ ಕ್ಯಾನ್ಸರ್ ಪತ್ತೆಗಾಗಿ ತೆಗೆಯುವ ಎಕ್ಸ್-ರೇ ಚಿತ್ರಗಳಲ್ಲಿ ಅನುಮಾನ ಬರುವ ಜಾಗಗಳನ್ನು ಗುರುತಿಸಿ ತೋರಿಸುವ ತಂತ್ರಾಂಶಕ್ಕೆ ಅಮೆರಿಕದಲ್ಲಿ 1998ರಲ್ಲಿಯೇ ಅನುಮತಿ ದೊರೆತಿತ್ತು. ಅದು ವಾಸ್ತವ ಚಿಕಿತ್ಸಾಲಯಗಳಲ್ಲಿ ಏನು ಮಾಡಿತೆಂದು 43 ಕೇಂದ್ರಗಳ ದಾಖಲೆಗಳಿಂದ ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂತ್ರಾಂಶ ಬಂದ ಮೇಲೆ ರೋಗವಿಲ್ಲದವರನ್ನು ರೋಗವಿಲ್ಲವೆಂದು ಸರಿಯಾಗಿ ಹೇಳುವ ಪ್ರಮಾಣ ಶೇ. 90.2ರಿಂದ ಶೇ. 87.2ಕ್ಕೆ ಇಳಿಯಿತು, ಸೂಜಿ ಚುಚ್ಚಿ ಅಂಗಾಂಶ ತೆಗೆದು ನೋಡುವಂಥ ಪರೀಕ್ಷೆಗಳು ಶೇ. 19.7ರಷ್ಟು ಹೆಚ್ಚಿದವು, ಆದರೆ ಕ್ಯಾನ್ಸರ್ ಪತ್ತೆಯಲ್ಲಿ ಸಂಖ್ಯಾಶಾಸ್ತ್ರ ಮನ್ನಿಸುವಷ್ಟು ಏರಿಕೆ ಕಾಣಲಿಲ್ಲ. ಪರದೆಯ ಮೇಲಿನ ಗುರುತು ವೈದ್ಯರ ಅನುಮಾನದ ಮಿತಿಯನ್ನೇ ಕೆಳಗಿಳಿಸಿತ್ತು. ತಂತ್ರಾಂಶವನ್ನು ಒಂಟಿಯಾಗಿ ಪರೀಕ್ಷಿಸಿದವರಿಗೆ ಈ ಪರಿಣಾಮ ಗೋಚರಿಸುವ ಸಂಭವವೇ ಇರಲಿಲ್ಲ.

ಈ ಅಳತೆಯ ಪ್ರಶ್ನೆ ಕರ್ನಾಟಕದ ಆರೋಗ್ಯ ಕೇಂದ್ರಗಳಿಗೂ ಬಂದದ್ದುಂಟು. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂ-ವೆಲ್‌ಕೇರ್ ಎಂಬ ತಂತ್ರಾಂಶವನ್ನು ಯಾದೃಚ್ಛಿಕ ಹಂಚಿಕೆಯ ಪ್ರಯೋಗದ ಮೂಲಕ, ಅಂದರೆ ಕೆಲವು ಕೇಂದ್ರಗಳಿಗೆ ಚೀಟಿ ಎತ್ತಿದಂತೆ ತಂತ್ರಾಂಶವನ್ನು ಕೊಟ್ಟು ಉಳಿದವುಗಳಿಗೆ ಕೊಡದೆ ಹೋಲಿಸುವ ಕ್ರಮದಿಂದ, ಪರೀಕ್ಷಿಸಲಾಯಿತು. ನರ್ಸ್‌ಗಳು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ರೋಗಿಗಳ ವಿವರಗಳನ್ನು ಟ್ಯಾಬ್ಲೆಟ್‌ನಲ್ಲಿ ತುಂಬುತ್ತಿದ್ದರು, ಅದರಿಂದ ಹೊರಟ ಚಿಕಿತ್ಸಾ ಸಲಹೆ ವೈದ್ಯರಿಗೆ ತಲುಪುತ್ತಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದು ವರ್ಷದ ಕೊನೆಗೆ ಎರಡು ಗುಂಪುಗಳ ರಕ್ತದೊತ್ತಡದಲ್ಲಾಗಲಿ ಸಕ್ಕರೆಯ ಹತೋಟಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೋಲಿಕೆಗಿದ್ದ ಕೇಂದ್ರಗಳಿಗೂ ವಾಡಿಕೆಗಿಂತ ಹೆಚ್ಚಿನ ಬೆಂಬಲ ಕೊಡಲಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಕಾಗದದ ನಮೂನೆ ಮತ್ತು ಗಣಕದ ಪಾಲನ್ನು ಬಿಡಿಸುವುದು ಲೀಡ್ಸ್‌ನಲ್ಲಿ ಕಷ್ಟವಾದಂತೆಯೇ ಇಲ್ಲಿಯೂ ತಂತ್ರಾಂಶದ ಪಾಲನ್ನು ಆ ಬೆಂಬಲದ ಪಾಲಿನಿಂದ ಬೇರ್ಪಡಿಸಿ ನೋಡುವುದು ಸುಲಭವಲ್ಲ. ಇಂಥ ಫಲಿತಾಂಶವನ್ನು ಸೋಲೆಂದು ಬದಿಗಿಡುವುದು ಸರಿಯಲ್ಲ; ಪ್ರಯೋಗಾಲಯದ ಅಂಕವನ್ನು ನಂಬಿ ರಾಜ್ಯದುದ್ದಕ್ಕೂ ಹಂಚುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳಿತ್ತು.

ಕೃತಕ ಬುದ್ಧಿಮತ್ತೆಯನ್ನು ಆಧರಿಸಿದ ಸಲಹಾ ತಂತ್ರಾಂಶಗಳ ಆರಂಭಿಕ ಪರೀಕ್ಷೆಗಳನ್ನು ವರದಿ ಮಾಡುವುದು ಹೇಗೆಂಬ ಬಗ್ಗೆ 2022ರಲ್ಲಿ ಹೊರಬಂದ ಡಿಸೈಡ್-ಎಐ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಯಂತ್ರದ ನಿಖರತೆಯ ಜೊತೆಗೆ ಬಳಕೆದಾರರು ಯಾರು, ಅವರು ಸಲಹೆಯನ್ನು ಎಷ್ಟು ಸಲ ಒಪ್ಪಿದರು ಅಥವಾ ತಳ್ಳಿದರು, ಬಳಕೆಯೋಗ್ಯತೆಯನ್ನು ಹೇಗೆ ಪರೀಕ್ಷಿಸಲಾಯಿತು ಎಂಬ ವಿವರಗಳನ್ನೂ ಕೇಳುತ್ತದೆ. ಅರ್ಧ ಶತಮಾನದ ಅನುಭವ ಹೀಗೆ ಒಂದು ತಪಾಸಣಾ ಪಟ್ಟಿಯ ರೂಪಕ್ಕೆ ಬಂದಿದೆಯಾದರೂ, ಹೊಸ ತಂತ್ರಾಂಶಗಳ ಜಾಹೀರಾತುಗಳಲ್ಲಿ ಇಂದಿಗೂ ಮೊದಲು ಕಾಣುವುದು ತಜ್ಞರನ್ನು ಮೀರಿಸಿದ ಶೇಕಡಾ ಅಂಕಿಯೇ. ಅಂಥ ಅಂಕಿ ಸುಳ್ಳಾಗಿರಬೇಕಿಲ್ಲ, ಮೈಸಿನ್ನಿನದೂ ಸುಳ್ಳಾಗಿರಲಿಲ್ಲ. ಯಾವ ಊರಿನ ಯಾವ ದರ್ಜೆಯ ಸಿಬ್ಬಂದಿ, ಎಷ್ಟು ರೋಗಿಗಳು ಸಾಲುಗಟ್ಟಿರುವಾಗ, ಆ ಸಲಹೆಯನ್ನು ಎಷ್ಟು ಹೊತ್ತಿನಲ್ಲಿ ಓದಿ, ಅದು ತಪ್ಪಿದ್ದಾಗ ತಪ್ಪೆಂದು ಗುರುತಿಸಬಲ್ಲರೇ ಎಂಬುದನ್ನು ಆ ಅಂಕಿ ಹೇಳುವುದಿಲ್ಲವಷ್ಟೇ. ತಂತ್ರಾಂಶವನ್ನು ಕೊಳ್ಳುವ ಸರ್ಕಾರಿ ಇಲಾಖೆಯಾಗಲಿ ಆಸ್ಪತ್ರೆಯಾಗಲಿ ಈ ವಿವರವನ್ನು ಮಾರುವವರಿಂದ ನಿರೀಕ್ಷಿಸುವಂತಿಲ್ಲ. ಅದನ್ನು ತಮ್ಮದೇ ಕೇಂದ್ರದಲ್ಲಿ, ತಮ್ಮದೇ ಸಿಬ್ಬಂದಿಯ ನಡುವೆ, ಸ್ಥಳ ಬದಲಾದಾಗಲೆಲ್ಲ ಹೊಸದಾಗಿ ಅಳೆದು ತಿಳಿಯಬೇಕಾಗುತ್ತದೆ.